ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಲು ಹೊರಡುವ ಮುನ್ನ

ಚಳಿಗಾಲ ಬಂತೆಂದರೆ ಕುಮಟೆ ಕಡೆ ಬರುವ ಗೆಳೆಯರೆಲ್ಲ ನನ್ನನ್ನು ಕೇಳುವುದು ಒಂದೇ: ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಬೇಕು? ಕಾಡಿನ ಹಕ್ಕಿಗಾದರೆ ಸರಿ. ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ, ಹೋಗುವವರು ಗಡಿಯಾರಕ್ಕಿಂತ ಮೊದಲು ಭರತ-ಇಳಿತ ನೋಡಬೇಕು.

ಕಾರವಾರದ ಭರತ-ಇಳಿತದ ಸಮಯ ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಇಲ್ಲಿಗೂ ಹೆಚ್ಚುಕಡಿಮೆ ಅದೇ ನಡೆಯುತ್ತದೆ. ನೀರು ಪೂರ್ತಿ ಇಳಿದಾಗ ಹೋದರೆ ಹಕ್ಕಿಗಳು ಕೆಸರಿನ ಆಚೆ ತುದಿಯಲ್ಲಿರುತ್ತವೆ, ಬೈನಾಕ್ಯುಲರ್‌ಗೂ ಬರೀ ಚುಕ್ಕೆ. ನೀರು ಮತ್ತೆ ಏರತೊಡಗಿದಾಗ ದಡದಲ್ಲಿ ಕೂತಿರಿ. ಕೆಸರು ಮುಳುಗಿದಂತೆಲ್ಲ ಹಕ್ಕಿಗಳು ತಾವಾಗಿಯೇ ನಿಮ್ಮ ಕಡೆ ಸರಿಯುತ್ತವೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ. ಬಿಸಿಲು ಬೆನ್ನಿಗೆ ಬೀಳುವ ದಡ ಆರಿಸಿಕೊಳ್ಳಿ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಬನ್ನಿ. ಮೊದಲ ದಿನವೇ ಎಲ್ಲ ಹಕ್ಕಿ ಗುರುತಿಸಲು ಹೋಗಬೇಡಿ, ನೋಡಲು ಒಂದೇ ಥರ ಕಾಣುವ ಎರಡು ಜೋಡಿ ಸಾಕು. ರೆಡ್‌ಶ್ಯಾಂಕ್‌ನ ಕಾಲು ಕಿತ್ತಳೆಗೆಂಪು. ಹಾರಿದಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಗಲದ ಬಿಳಿ ಪಟ್ಟೆ ಕಾಣುತ್ತದೆ. ಗ್ರೀನ್‌ಶ್ಯಾಂಕ್‌ಗೆ ಆ ಪಟ್ಟೆ ಇಲ್ಲ, ಕೊಕ್ಕು ತುಸು ಮೇಲಕ್ಕೆ ಬಾಗಿರುತ್ತದೆ, ಹಾರುವಾಗ ಟ್ಯೂ-ಟ್ಯೂ-ಟ್ಯೂ ಎಂದು ಮೂರು ಸಲ ಕೂಗುತ್ತದೆ. ಇನ್ನೊಂದು ಜೋಡಿ ಕರ್ಲ್ಯೂ ಮತ್ತು ವಿಂಬ್ರೆಲ್. ಎರಡರದ್ದೂ ಕುಡುಗೋಲಿನಂಥ ಕೊಕ್ಕು. ನೆತ್ತಿಯ ಮೇಲೆ ಕಪ್ಪು-ಬಿಳಿ ಪಟ್ಟೆ ಕಂಡರೆ ವಿಂಬ್ರೆಲ್. ಕರ್ಲ್ಯೂ ಅದಕ್ಕಿಂತ ದೊಡ್ಡದು, ತಲೆಯ ಮೇಲೆ ಪಟ್ಟೆಯಿಲ್ಲ, ಕೊಕ್ಕು ನಂಬಲಾಗದಷ್ಟು ಉದ್ದ.

ಕೆಸರಿಗೆ ಮಾತ್ರ ಇಳಿಯಬೇಡಿ. ಅಲ್ಲಿ ಬಳಚು (ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ಹೆಕ್ಕುವವರಿಗೆ ಎಲ್ಲಿ ಕಾಲಿಟ್ಟರೆ ಹುಗಿಯುತ್ತದೆ ಎಂದು ಗೊತ್ತು, ನಮಗೆ ಗೊತ್ತಿಲ್ಲ. ಅವರನ್ನು ಮಾತಾಡಿಸಿ. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು ಕಡಲವರೆಗೂ ಬರುವುದರಿಂದಲೇ ಇಲ್ಲಿ ಬಳಚು ಜಾಸ್ತಿ. ಹಕ್ಕಿಗೂ ಜನರಿಗೂ ಅನ್ನ ಕೊಡುವುದು ಇದೇ ಕೆಸರು. 2024ರಲ್ಲಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಫೋಟೋಗಾಗಿ ಸುಮ್ನೆ ಹಿಂಡು ಎಬ್ಬಿಸಬೇಡಿ, ಕೈಮುಗಿದು ಕೇಳುತ್ತೇನೆ. ಸಾವಿರಾರು ಕಿಲೋಮೀಟರ್ ವಾಪಸ್ ಹಾರಲು ಅವು ಇಲ್ಲೇ ಕೊಬ್ಬು ಕೂಡಿಸಿಕೊಳ್ಳಬೇಕು. ಮೇಯುತ್ತಿದ್ದ ಹಕ್ಕಿ ತಲೆ ಎತ್ತಿ ನಿಂತರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಎಂದರ್ಥ. ಅಲ್ಲೇ ಕೂತುಬಿಡಿ.

ಭರತ ತುಂಬಿದ ಮೇಲೆ ಗಜನಿ ಗದ್ದೆಗಳ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಗಳ) ಒಡ್ಡು ನೋಡಿ, ಒಂಟಿಕಾಲಲ್ಲಿ ನಿದ್ದೆ ಮಾಡುವವು ಅಲ್ಲಿರುತ್ತವೆ. ಇನ್ನೂ ಹೊತ್ತಿದ್ದರೆ ತದಡಿ ಬಂದರಿಗೆ ಹೋಗಿ. ಮೀನಿನ ದೋಣಿ ಬಂದ ಹೊತ್ತಿಗೆ ಗರುಡ ಮತ್ತು ಕಡಲಕ್ಕಿಗಳನ್ನು ಬರಿಗಣ್ಣಲ್ಲೇ ನೋಡಬಹುದು.