ಬಾತ್‌ರೂಮ್ ರಿಪೇರಿಗೆ ಮೂರು ಕೊಟೇಶನ್: ಹೋಲಿಸಿ ನೋಡುವುದು ಹೇಗೆ?

ಹಳೇ ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸಬೇಕು. ಮೂವರನ್ನು ಕರೆಸಿ ಕೇಳಿದಿರಿ. ಒಬ್ಬರು 95 ಸಾವಿರ ಅಂದರು. ಇನ್ನೊಬ್ಬರು 1 ಲಕ್ಷದ 18 ಸಾವಿರ. ಮೂರನೆಯವರು 1 ಲಕ್ಷದ 5 ಸಾವಿರ, ಜಿಎಸ್‌ಟಿ ಬೇರೆ. ಈಗ ಯಾರದು ಕಡಿಮೆ?

ಇಷ್ಟರಿಂದ ಹೇಳಲು ಆಗುವುದಿಲ್ಲ. ಮೂವರೂ ಒಂದೇ ಕೆಲಸಕ್ಕೆ ರೇಟು ಹೇಳಿದ್ದಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಒಬ್ಬರು ವಾಟರ್‌ಪ್ರೂಫಿಂಗ್ ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಒಬ್ಬರ ಲೆಕ್ಕದಲ್ಲಿ ಟೈಲ್ಸ್ ಚದರ ಅಡಿಗೆ 45 ರೂಪಾಯಿ, ಇನ್ನೊಬ್ಬರದರಲ್ಲಿ 65. ಒಡೆದ ಗಾರೆ, ಹಳೇ ಟೈಲ್ಸ್ ಸಾಗಿಸುವ ಖರ್ಚು ಯಾರದು ಅಂತ ಮಾತೇ ಬಂದಿರುವುದಿಲ್ಲ. ಹಾಗಾಗಿ ಮೊತ್ತ ಹೋಲಿಸುವ ಮೊದಲು ಕೆಲಸ ಹೋಲಿಸಬೇಕು. ಅದಕ್ಕೆ ಒಂದೇ ದಾರಿ: ಪಟ್ಟಿ ನೀವೇ ಮಾಡಿ, ಮೂವರಿಗೂ ಅದೇ ಪಟ್ಟಿ ಕೊಟ್ಟು ರೇಟು ಕೇಳುವುದು.

ಮೊದಲು ಟೇಪು ಹಿಡಿಯಿರಿ

ಅಳತೆ ನಿಮಗೇ ಗೊತ್ತಿರಲಿ. ಬಾತ್‌ರೂಮ್ 8 ಅಡಿ ಉದ್ದ, 5 ಅಡಿ ಅಗಲ ಅಂತ ಇಟ್ಟುಕೊಳ್ಳೋಣ. ನೆಲ 40 ಚದರ ಅಡಿ. ನಾಲ್ಕೂ ಗೋಡೆ ಸೇರಿ ಸುತ್ತಳತೆ 26 ಅಡಿ. ಟೈಲ್ಸ್ 7 ಅಡಿ ಎತ್ತರದವರೆಗೆ ಹಾಕಿಸುವುದಾದರೆ 182 ಚದರ ಅಡಿ. ಎರಡೂವರೆ ಅಡಿ ಅಗಲ, 7 ಅಡಿ ಎತ್ತರದ ಬಾಗಿಲು ಕಳೆದರೆ ಸುಮಾರು 165. ನೆಲ, ಗೋಡೆ ಸೇರಿ 205 ಚದರ ಅಡಿ. ಕತ್ತರಿಸುವಾಗ ಹೋಗುವ ವೇಸ್ಟೇಜ್‌ಗೆ ನೂರಕ್ಕೆ 10ರಷ್ಟು ಸೇರಿಸಿದರೆ 225 ಚದರ ಅಡಿ ಟೈಲ್ಸ್ ಬೇಕು. ಯಾರಾದರೂ 300 ಚದರ ಅಡಿ ಬೇಕು ಅಂದರೆ "ಹೇಗೆ ಬಂತು, ಸ್ವಲ್ಪ ಲೆಕ್ಕ ಹೇಳಿ" ಅಂತ ಕೇಳಬಹುದು. ಜಗಳ ಮಾಡಬೇಕಿಲ್ಲ, ಕೇಳಿದರೆ ಸಾಕು.

ಪೇಂಟಿಂಗ್‌ನಲ್ಲಂತೂ ಅಳತೆಯೇ ಎಲ್ಲಾ. "ಸ್ಕ್ವೇರ್ ಫೀಟ್‌ಗೆ ಇಷ್ಟು" ಅಂದಾಗ ಯಾವ ಸ್ಕ್ವೇರ್ ಫೀಟ್ ಅಂತ ಕೇಳಲೇಬೇಕು. ಕೆಲವರು ಬಣ್ಣ ಹೊಡೆಯುವ ಗೋಡೆ ಅಳೆಯುತ್ತಾರೆ, ಕೆಲವರು ಮನೆಯ ನೆಲದ ವಿಸ್ತೀರ್ಣದ ಮೇಲೆ ಹೇಳುತ್ತಾರೆ. 10 ಅಡಿ, 12 ಅಡಿಯ ಒಂದು ರೂಮು, 10 ಅಡಿ ಎತ್ತರ. ನೆಲ 120 ಚದರ ಅಡಿ. ಗೋಡೆ 440, ತಾರಸಿಯ ಒಳಭಾಗ 120, ಒಟ್ಟು 560. ಬಾಗಿಲು, ಕಿಟಕಿಗೆ 41 ಕಳೆದರೆ 519. ಗೋಡೆ ಲೆಕ್ಕದಲ್ಲಿ ಅಡಿಗೆ 12 ರೂಪಾಯಿ ಅಂದರೆ 6,228 ರೂಪಾಯಿ. ನೆಲದ ಲೆಕ್ಕದಲ್ಲಿ ಅಡಿಗೆ 50 ರೂಪಾಯಿ ಅಂದರೆ 6,000. ಕಿವಿಗೆ 12 ಅಗ್ಗ, 50 ದುಬಾರಿ. ಕೈಯಿಂದ ಹೋಗುವ ದುಡ್ಡು ಮಾತ್ರ 50ರ ಲೆಕ್ಕದಲ್ಲೇ ಕಡಿಮೆ! ಈ ರೇಟುಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನಲ್ಲಿ ಬೇರೆ ಇರುತ್ತವೆ.

ಪಟ್ಟಿಯಲ್ಲಿ ಏನೇನು ಇರಬೇಕು

ಒಂದು ಹಾಳೆ ಸಾಕು. ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತಾ ಹೋಗಿ. ಹಳೇ ಟೈಲ್ಸ್ ಒಡೆಯುವುದು, ಡೆಬ್ರಿಸ್ (ಒಡೆದ ಗಾರೆ, ಟೈಲ್ಸ್ ಚೂರು) ಸಾಗಿಸುವುದು, ಪೈಪ್‌ಲೈನ್ ಬದಲಿಸುವುದು, ವಾಟರ್‌ಪ್ರೂಫಿಂಗ್, ಪ್ಲಾಸ್ಟರಿಂಗ್, ಟೈಲ್ಸ್ ಹಾಕುವುದು, ಗ್ರೌಟಿಂಗ್ (ಟೈಲ್ಸ್ ನಡುವಿನ ಸಂದು ತುಂಬುವುದು), ಕಮೋಡ್ ಮತ್ತು ನಲ್ಲಿಗಳ ಫಿಟ್ಟಿಂಗ್, ಎಲೆಕ್ಟ್ರಿಕಲ್ ಕೆಲಸ, ಕೊನೆಗೆ ಕ್ಲೀನಿಂಗ್. ಪ್ರತಿಯೊಂದರ ಮುಂದೆ ಎರಡು ಜಾಗ ಬಿಡಿ: ಸಾಮಾನು ಯಾರದು, ಕೂಲಿ ಎಷ್ಟು.

"ಮೆಟೀರಿಯಲ್ ಸಮೇತ" ಅನ್ನುವುದು ಬಹಳ ಸಡಿಲವಾದ ಮಾತು. ಸಿಮೆಂಟು, ಮರಳು, ಪೈಪು ಸೇರಿಸಿ ಟೈಲ್ಸ್ ಮತ್ತು ನಲ್ಲಿ ನಿಮ್ಮದು ಅನ್ನುವವರಿದ್ದಾರೆ. ಎಲ್ಲವನ್ನೂ ಸೇರಿಸುವವರೂ ಇದ್ದಾರೆ. ನನ್ನನ್ನು ಕೇಳಿದರೆ, ಕಣ್ಣಿಗೆ ಕಾಣುವ ಸಾಮಾನು, ಅಂದರೆ ಟೈಲ್ಸ್, ಕಮೋಡ್, ನಲ್ಲಿ, ಶವರ್, ನೀವೇ ಅಂಗಡಿಗೆ ಹೋಗಿ ತರುವುದು ಒಳ್ಳೆಯದು. ಸಿಮೆಂಟು, ಮರಳು, ಕೆಮಿಕಲ್‌ಗಳನ್ನು ಕೆಲಸದವರಿಗೇ ಬಿಡಿ. ಹೀಗೆ ಮಾಡಿದರೆ ಕೊಟೇಶನ್‌ಗಳ ನಡುವಿನ ದೊಡ್ಡ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಕಂಪನಿ ಹೆಸರೊಂದೇ ಬರೆದರೆ ಸಾಲದು, ಗ್ರೇಡ್ ಕೂಡ ಬೇಕು. ನಮ್ಮಲ್ಲಿಗೆ ಬರುವ ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿಯದು. ಅದೇ ಡಿಸೈನ್‌ನಲ್ಲಿ ಪ್ರೀಮಿಯಂ, ಸ್ಟ್ಯಾಂಡರ್ಡ್, ಕಮರ್ಷಿಯಲ್ ಅಂತ ಬಾಕ್ಸ್‌ಗಳು ಸಿಗುತ್ತವೆ. ಕೆಳಗಿನ ಗ್ರೇಡ್‌ನಲ್ಲಿ ಅಂಚು ಸೊಟ್ಟ, ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ. ಹಾಕಿದ ಮೇಲೆ ಗೆರೆ ನೇರ ಬರುವುದಿಲ್ಲ, ಬೈಗುಳ ಮೇಸ್ತ್ರಿಗೆ ಬೀಳುತ್ತದೆ.

ಮರದ ಕೆಲಸದಲ್ಲೂ ಹೀಗೇ. "ವಾಟರ್‌ಪ್ರೂಫ್ ಪ್ಲೈವುಡ್" ಅಂದರೆ ಏನೂ ಹೇಳಿದಂತಾಗಲಿಲ್ಲ. ಹಾಳೆಯ ಮೇಲಿನ ಐಎಸ್‌ಐ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ, ಐಎಸ್ 710 ಅಂದರೆ ನೀರು ತಾಳುವ ಮರೈನ್ ಪ್ಲೈ. ಬೆಲೆಯಲ್ಲಿ ಚೆನ್ನಾಗಿಯೇ ಅಂತರ ಇದೆ. ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟಿಗೆ ಎರಡನೆಯದನ್ನೇ ಕೇಳಿ.

ಎಲೆಕ್ಟ್ರಿಕಲ್ ಕೆಲಸದಲ್ಲಿ "ಪಾಯಿಂಟ್‌ಗೆ ಇಷ್ಟು" ಅನ್ನುತ್ತಾರೆ. ಗೀಸರ್‌ನ ಪವರ್ ಪಾಯಿಂಟ್‌ಗೂ ಬಲ್ಬ್ ಪಾಯಿಂಟ್‌ಗೂ ಒಂದೇ ರೇಟಾ, ಗೋಡೆ ಕೊರೆದು ಮುಚ್ಚುವುದು ಸೇರಿದೆಯಾ, ಗೀಸರ್‌ಗೆ ಎಷ್ಟು ದಪ್ಪದ ವೈರು, ಈ ಮೂರು ಕೇಳಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ಗೇ ಈ ಕೆಲಸ ಕೊಡಿ. ನೀರು ಇರುವ ಜಾಗ, ಹುಡುಗಾಟ ಬೇಡ.

ವಾಟರ್‌ಪ್ರೂಫಿಂಗ್ ಸಾಲಿನ ಮೇಲೆ ಬೆರಳಿಡಿ

ಇಡೀ ಕೊಟೇಶನ್‌ನಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಸಾಲು ಇದೇ. ರೇಟು ಇಳಿಸಬೇಕಾದಾಗ ಮೊದಲು ಕೈಬಿಡುವ ಕೆಲಸವೂ ಇದೇ, ಯಾಕೆಂದರೆ ಟೈಲ್ಸ್ ಹಾಕಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ. ಗೊತ್ತಾಗುವುದು ಕೆಳಗಿನ ಮನೆಯವರ ತಾರಸಿಯ ಒಳಭಾಗದಲ್ಲಿ ಹಳದಿ ಕಲೆ ಮೂಡಿದಾಗ. ಆಗ ಹೊಸ ಟೈಲ್ಸ್ ಒಡೆಯದೆ ಬೇರೆ ದಾರಿ ಇರುವುದಿಲ್ಲ.

"ವಾಟರ್‌ಪ್ರೂಫಿಂಗ್ ಮಾಡ್ತೀವಿ ಸಾರ್" ಅಂದರೆ ಸಾಲದು. ಯಾವ ಕೆಮಿಕಲ್, ಎಷ್ಟು ಕೋಟು, ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ ಅಂತ ಕೇಳಿ. ನೆಲಕ್ಕೆ ಮಾತ್ರ ಬಳಿದು ಬಿಟ್ಟರೆ ಶವರ್ ನೀರು ಗೋಡೆಯಿಂದ ಇಳಿಯುತ್ತದೆ. ನೆಲ ಮತ್ತು ಗೋಡೆ ಸೇರುವ ಮೂಲೆ, ಪೈಪು ಹೊರಗೆ ಹೋಗುವ ತೂತಿನ ಸುತ್ತ, ಈ ಎರಡು ಕಡೆಯೇ ಸೋರಿಕೆ ಜಾಸ್ತಿ. ಒಳ್ಳೆಯ ಕೆಲಸಗಾರರು ನೀವು ಕೇಳುವ ಮೊದಲೇ ಮೂಲೆಯ ವಿಷಯ ತೆಗೆಯುತ್ತಾರೆ. ಯಾರು ತೆಗೆದರು, ಯಾರು ತೆಗೆಯಲಿಲ್ಲ ಅಂತ ನೆನಪಿಟ್ಟುಕೊಳ್ಳಿ.

ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ನೋಡುವುದು. ನೆಲದ ಟ್ರ್ಯಾಪ್, ಅಂದರೆ ನೀರು ಹೊರಗೆ ಹೋಗುವ ಬಾಯಿ, ಮುಚ್ಚಿ, ಒಂದೆರಡು ಇಂಚು ನೀರು ತುಂಬಿಸಿ, ಕನಿಷ್ಠ 24 ಗಂಟೆ ಬಿಡುತ್ತಾರೆ. 48 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ನೀರಿನ ಮಟ್ಟಕ್ಕೆ ಪೆನ್ಸಿಲ್‌ನಿಂದ ಗುರುತು ಹಾಕಿ, ಕೆಳಗಿನ ಮನೆಗೂ ಹೋಗಿ ನೋಡಿ ಬನ್ನಿ. ಇದಕ್ಕೆ ಒಂದೆರಡು ದಿನ ಕೆಲಸ ನಿಲ್ಲುತ್ತದೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡಿದ್ದರೆ ಆಮೇಲೆ ಅವಸರ ಇರುವುದಿಲ್ಲ.

ಮನೆಗೆ ಕರೆಸಿ, ಒಬ್ಬೊಬ್ಬರನ್ನೇ

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ಪಡೆದ ರೇಟನ್ನು ನಂಬಬೇಡಿ. ಜಾಗ ನೋಡದೆ ಹೇಳಿದ ಮೊತ್ತ ಕೆಲಸ ಶುರುವಾದ ಮೇಲೆ ಏರಿಯೇ ಏರುತ್ತದೆ. ಮೂವರಿಗೂ ಬೇರೆ ಬೇರೆ ಸಮಯ ಕೊಡಿ, ಒಂದೇ ಹಾಳೆ ಕೊಡಿ, ಒಂದೇ ಮಾತು ಹೇಳಿ. ಒಬ್ಬರು ಕೊಟ್ಟ ಒಳ್ಳೆಯ ಸಲಹೆಯಿಂದ ಪಟ್ಟಿ ಬದಲಾದರೆ ಉಳಿದಿಬ್ಬರಿಗೂ ತಿಳಿಸಿ ಹೊಸ ರೇಟು ಕೇಳಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಶನ್ ನಿಯಮ ಮೊದಲೇ ಹೇಳಿಬಿಡಿ. ಒಡೆಯುವ ಕೆಲಸಕ್ಕೆ ಯಾವ ಹೊತ್ತು ಬಿಡುತ್ತಾರೆ, ಮರಳಿನ ಚೀಲ ಲಿಫ್ಟ್‌ನಲ್ಲಿ ಒಯ್ಯಬಹುದಾ? ನಾಲ್ಕನೇ ಮಹಡಿಗೆ ಹೊತ್ತು ಸಾಗಿಸುವ ಕೂಲಿ ಸಣ್ಣದಲ್ಲ.

"ನೀವೇನೂ ಯೋಚನೆ ಮಾಡ್ಬೇಡಿ ಮೇಡಂ, ಎಲ್ಲಾ ಸೇರಿಸಿ ಮಾಡ್ಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಮನಸ್ಸು ಒಳ್ಳೆಯದೇ ಇರಬಹುದು. ಆದರೂ "ಸರಿ ಅಣ್ಣ, ಆ ಎಲ್ಲಾ ಏನು ಅಂತ ಇದರಲ್ಲೇ ಬರೆದುಕೊಡಿ" ಅನ್ನಿ. ಬರೆಯಲು ಅಭ್ಯಾಸ ಇಲ್ಲದ ಮೇಸ್ತ್ರಿಗಳೂ ಇದ್ದಾರೆ. ಅವರು ಹೇಳಿದಂತೆ ನೀವೇ ಬರೆದು, ಓದಿ ಹೇಳಿ, ಅವರ ಫೋನಿಗೂ ಕಳಿಸಿ. ಬರೆಯಲು ಬರಲಿಲ್ಲ ಅಂತ ಒಳ್ಳೆಯ ಕೈಕೆಲಸದವರನ್ನು ಕಳೆದುಕೊಳ್ಳಬಾರದು.

ಇನ್ನೊಂದು ಪ್ರಶ್ನೆ: ಕೆಲಸ ಮಾಡುವವರು ಯಾರು? ಮಾತಾಡಿದವರು ಬೇರೆ, ಬಂದು ಟೈಲ್ಸ್ ಹಾಕುವವರು ಬೇರೆ ಆಗುವುದು ತುಂಬಾ ಸಾಮಾನ್ಯ. ಇತ್ತೀಚೆಗೆ ಮುಗಿಸಿದ ಒಂದು ಮನೆ, ಒಂದು ಮಳೆಗಾಲ ಕಳೆದ ಇನ್ನೊಂದು ಮನೆ ತೋರಿಸಲು ಹೇಳಿ. ಹಳೆಯ ಕೆಲಸ ನೋಡಿದರೆ ಹೆಚ್ಚು ತಿಳಿಯುತ್ತದೆ. ಅಲ್ಲಿ ನೆಲಕ್ಕೆ ಒಂದು ಚೊಂಬು ನೀರು ಸುರಿದು ಎಲ್ಲೂ ನಿಲ್ಲದೆ ಟ್ರ್ಯಾಪ್‌ಗೆ ಹೋಗುತ್ತದಾ ನೋಡಿ.

ಈಗ ಮೂರನ್ನೂ ಒಂದೇ ಸಾಲಿಗೆ ತನ್ನಿ

ಶುರುವಿನಲ್ಲಿ ಹೇಳಿದ ಮೂರು ಮೊತ್ತಕ್ಕೆ ಬರೋಣ. 95 ಸಾವಿರದ ಕೊಟೇಶನ್‌ನಲ್ಲಿ ವಾಟರ್‌ಪ್ರೂಫಿಂಗ್ ಇಲ್ಲ, ಅದಕ್ಕೆ 12 ಸಾವಿರ. ಡೆಬ್ರಿಸ್ ಸಾಗಿಸುವುದು ಇಲ್ಲ, ಅದಕ್ಕೆ 6 ಸಾವಿರ. ಟೈಲ್ಸ್‌ಗೆ ಅಡಿಗೆ 45 ರೂಪಾಯಿ ಹಿಡಿದಿದ್ದಾರೆ, ನಿಮಗೆ ಇಷ್ಟವಾದದ್ದು 65ರದು. 225 ಅಡಿಗೆ 20 ರೂಪಾಯಿಯಂತೆ ಇನ್ನೂ 4,500. ಎಲ್ಲಾ ಸೇರಿ 1,17,500 ಆಯಿತು.

ಎರಡನೆಯವರ 1,18,000ದಲ್ಲಿ ಇವೆಲ್ಲ ಸೇರಿವೆ. ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಮೇಲೆ ತೆರಿಗೆ ಇಲ್ಲ. ಮೂರನೆಯವರದರಲ್ಲೂ ಎಲ್ಲಾ ಇದೆ, ಆದರೆ 1,05,000ಕ್ಕೆ ಶೇ 18ರಂತೆ 18,900 ತೆರಿಗೆ. ಒಟ್ಟು 1,23,900.

ಮೊದಲು 23 ಸಾವಿರದ ಅಂತರ ಕಂಡಿತ್ತು. ಈಗ ಮೊದಲ ಇಬ್ಬರ ನಡುವೆ ಉಳಿದದ್ದು 500 ರೂಪಾಯಿ. ಇನ್ನು ದುಡ್ಡಿನ ಮೇಲೆ ತೀರ್ಮಾನ ಮಾಡುವ ಅಗತ್ಯವೇ ಇಲ್ಲ. ಯಾರ ಹಳೆಯ ಕೆಲಸ ಚೆನ್ನಾಗಿದೆ, ಸೋರಿದರೆ ಬಂದು ಸರಿ ಮಾಡುತ್ತೇನೆ ಅಂತ ಯಾರು ಬರೆದುಕೊಡುತ್ತಾರೆ, ಎಷ್ಟು ದಿನದಲ್ಲಿ ಮುಗಿಸುತ್ತಾರೆ ಅನ್ನುವುದನ್ನು ನೋಡಿ ಆರಿಸಬಹುದು.

ತೆರಿಗೆ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ದುಡ್ಡು ವಸೂಲಿ ಮಾಡುವಂತೆಯೂ ಇಲ್ಲ. ಕೇಳಿದರೆ ನಂಬರ್ ಕೊಡಿ ಅನ್ನಿ. 15 ಅಕ್ಷರ, ಅಂಕಿಗಳ ನಂಬರ್ ಅದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಕಾಣುತ್ತದೆ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟಿನ ಲೆಕ್ಕ ಹೇಳುವವರಿಗೆ ಇದನ್ನು ನೆನಪಿಸಬಹುದು.

ಚೌಕಾಸಿ ಮಾಡಿ, ಹಿಂಡಬೇಡಿ

ಒಬ್ಬರ ಕೊಟೇಶನ್ ಇನ್ನೊಬ್ಬರಿಗೆ ತೋರಿಸಿ "ಇದಕ್ಕಿಂತ ಕಡಿಮೆಗೆ ಮಾಡಿ" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಕೂಲಿ ಹಿಂಡಿದರೆ ಅದು ಎಲ್ಲೋ ಒಂದು ಕಡೆ ಹೋಗಲೇಬೇಕು. ಎರಡು ಕೋಟಿನ ಜಾಗದಲ್ಲಿ ಒಂದೇ ಕೋಟು ಆಗುತ್ತದೆ, ಪಳಗಿದ ಕೈ ಬದಲು ಹೊಸ ಹುಡುಗ ಬರುತ್ತಾನೆ. ಬಜೆಟ್ ಕಡಿಮೆ ಇದ್ದರೆ ಕೆಲಸ ಕಡಿಮೆ ಮಾಡಿಸಿ. ಗೋಡೆ ಟೈಲ್ಸ್ ಶವರ್ ಕಡೆ 7 ಅಡಿ, ಉಳಿದ ಕಡೆ 4 ಅಡಿ ಸಾಕು ಅನ್ನಬಹುದು. ಗಾಜಿನ ಪಾರ್ಟಿಶನ್ ಮುಂದಿನ ವರ್ಷಕ್ಕೆ ಇಡಬಹುದು. ವಾಟರ್‌ಪ್ರೂಫಿಂಗ್ ಮತ್ತು ಪೈಪಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ಸಮಯ ನೋಡಿ ಕೇಳಿದರೂ ರೇಟು ಇಳಿಯುತ್ತದೆ. ದಸರಾ, ದೀಪಾವಳಿಗೆ ಮುಂಚೆ ಪೇಂಟರ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಹೊರಗೋಡೆಯ ಕೆಲಸ ನಡೆಯುವುದಿಲ್ಲ. ಆದರೆ ಬಾತ್‌ರೂಮ್‌ನಂಥ ಒಳಗಿನ ಕೆಲಸಕ್ಕೆ ಆಗ ಜನ ಸಿಗುತ್ತಾರೆ.

ದುಡ್ಡು ಹಂತ ಹಂತವಾಗಿ

ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್ ಕೇಳಿದರೆ ಒಪ್ಪಬೇಡಿ. ಬರೀ ಕೂಲಿ ಕೆಲಸಕ್ಕೆ ಶೇ 10ರಿಂದ 20, ಸಾಮಾನು ಸಮೇತ ಆದರೆ 30ರವರೆಗೆ ಕೊಡಬಹುದು. ಆಮೇಲೆ ಪೈಪ್‌ಲೈನ್ ಮುಗಿದು ನೀರು ನಿಲ್ಲಿಸಿ ನೋಡಿದ ಮೇಲೆ ಒಂದು ಕಂತು, ಟೈಲ್ಸ್ ಮುಗಿದ ಮೇಲೆ ಇನ್ನೊಂದು. ಕೊನೆಯ ಶೇ 10ನ್ನು ಒಂದು ವಾರ ಬಳಸಿ ನೋಡಿ ಕೊಡುವುದಾಗಿ ಮೊದಲೇ ಹೇಳಿರಿ. ಹೇಳಿದ ದಿನ ತಪ್ಪದೆ ಕೊಡಿ. ಮೇಸ್ತ್ರಿ ಕೂಡ ಶನಿವಾರ ತನ್ನ ಆಳುಗಳಿಗೆ ಬಟವಾಡೆ ಮಾಡಬೇಕಲ್ವಾ. ಯುಪಿಐನಲ್ಲಿ ಕೊಟ್ಟರೆ ಲೆಕ್ಕ ಉಳಿಯುತ್ತದೆ.

ನಡುವೆ ಹೆಚ್ಚುವರಿ ಕೆಲಸ ಬಂದರೆ ಮಾಡುವ ಮೊದಲೇ ರೇಟು ಮೆಸೇಜ್‌ನಲ್ಲಿ ಬರಲಿ. ದುಡ್ಡು ತೆಗೆದುಕೊಂಡು ಕೆಲಸ ಅರ್ಧಕ್ಕೆ ಬಿಟ್ಟವರ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಆಗ ಕೈಯಲ್ಲಿರಬೇಕಾದದ್ದು ಆ ಪಟ್ಟಿ, ಮೆಸೇಜುಗಳು ಮತ್ತು ದುಡ್ಡು ಕೊಟ್ಟ ದಾಖಲೆ.

ಒಬ್ಬರನ್ನು ಗೊತ್ತು ಮಾಡಿದ ಮೇಲೆ ಉಳಿದ ಇಬ್ಬರಿಗೂ ಫೋನ್ ಮಾಡಿ ತಿಳಿಸಿ. ಪೆಟ್ರೋಲ್ ಖರ್ಚು ಮಾಡಿಕೊಂಡು, ಕೆಲಸ ಬಿಟ್ಟು ಬಂದು ಅಳತೆ ತೆಗೆದುಕೊಂಡು ಹೋದವರು ಅವರು. ನಿಮ್ಮ ಉತ್ತರಕ್ಕಾಗಿ ಬೇರೆ ಕೆಲಸ ಒಪ್ಪಿಕೊಳ್ಳದೆ ಕಾಯುತ್ತಿರಬಹುದು.