ಸಾವಿನ ಸೀನ್‌ಗೆ ಖುಷಿ ಟ್ಯೂನ್: ನನ್ನ ಅನುಭವ

ಸಾವಿನ ಸೀನ್‌ಗೆ ಮೌತ್ ಆರ್ಗನ್ ಬೇಡ ಅಂತ ನಿರ್ದೇಶಕರು ಹೇಳಿದರು, ಎಡಿಟರ್ ಹೇಳಿದರು, ಸೌಂಡ್ ಮಿಕ್ಸಿಂಗ್ ಮಾಡುವವರಂತೂ ನಕ್ಕೇಬಿಟ್ಟರು. ಕೊನೆಗೆ ಉಳಿದಿದ್ದು ಅದೇ.

ನಾನು ಸಂಗೀತ ಕೊಟ್ಟ ಹದಿನೆಂಟು ನಿಮಿಷದ ಕಿರುಚಿತ್ರ. ಅಮ್ಮ ಹಾಸಿಗೆಯಲ್ಲಿ, ಮಗ ಪಕ್ಕದಲ್ಲಿ ಕೂತು ಬಟ್ಟೆ ಮಡಚುತ್ತಿದ್ದಾನೆ. ಮಡಚಿ ಮುಗಿಸುವಷ್ಟರಲ್ಲಿ ಅವಳಿಲ್ಲ. ಮೊದಲು ಎಲ್ಲರ ಹಾಗೆ ನಾನೂ ವಯಲಿನ್ ಹಾಕಿದೆ. ನಾಲ್ಕು ಜನ ವಾದಕರು, ಒಂದು ದಿನದ ಸ್ಟುಡಿಯೋ, ನನ್ನ ಸಂಭಾವನೆಯಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲೇ ಕರಗಿತು. ಹತ್ತು ಹನ್ನೆರಡು ಜನಕ್ಕೆ ತೋರಿಸಿದರೆ ಒಬ್ಬರ ಕಣ್ಣೂ ಒದ್ದೆಯಾಗಲಿಲ್ಲ. ಅಳಿ ಅಂತ ವಯಲಿನ್ ಮೊದಲೇ ಹೇಳಿಬಿಟ್ಟರೆ ಯಾರು ಅಳುತ್ತಾರೆ?

ಆಮೇಲೆ ಹಠಕ್ಕೆ ಬಿದ್ದು ಕುಣಿಯುವಂಥ ಪಿಯಾನೋ ಹಾಕಿದೆ. ಜನ ನಕ್ಕರು. ಸತ್ತವಳನ್ನು ಗೇಲಿ ಮಾಡಿದ ಹಾಗಿತ್ತು, ನನಗೇ ನಾಚಿಕೆಯಾಯಿತು.

ಟ್ಯೂನ್ ಆಕಾಶದಿಂದ ಉದುರಿದ ಹಾಗಿತ್ತು, ಅದೇ ತೊಂದರೆ. ಹಾಗಾಗಿ ಮೂರನೇ ನಿಮಿಷದಲ್ಲೇ ಅಮ್ಮ ಅದನ್ನು ಗುನುಗುವ ಹಾಗೆ ಮಾಡಿದೆ (ಡಬ್ಬಿಂಗ್‌ನಲ್ಲಿ ಸೇರಿಸಿದ್ದು, ಮುಖ ಕಾಣದ ಶಾಟ್ ಒಂದಿತ್ತು, ಪುಣ್ಯ). ಸಾವಿನ ಸೀನ್‌ನಲ್ಲಿ ಅದೇ ಟ್ಯೂನ್ ಮೌತ್ ಆರ್ಗನ್‌ನಲ್ಲಿ, ತೆರೆಯಲ್ಲಿ ಕಾಣದ ರೇಡಿಯೋ ಒಂದರಿಂದ ಬರುತ್ತದೆ. 300 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದು, 3,000ಕ್ಕಿಂತ ಮೇಲಿನ ಚೂಪು ಸದ್ದು ಕತ್ತರಿಸಿದರೆ ಹಳೇ ರೇಡಿಯೋ ದನಿ ಸಿದ್ಧ. ಇನ್ನೊಂದು ಸಣ್ಣ ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ. ಅಮ್ಮನ ಕೈ ಜಾರುವಾಗಲೂ ಟ್ಯೂನ್ ನಿಧಾನ ಆಗಲ್ಲ, ಜೋರೂ ಆಗಲ್ಲ. ಪಾಪ, ರೇಡಿಯೋಗೆ ಏನು ಗೊತ್ತು.

ನಡುವೆ ಸುಮ್ನೆ ವೇಗದ ಜೊತೆ ಆಟ ಆಡಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ), ಟ್ಯೂನ್ 60 ಬಿಪಿಎಂ (ನಿಮಿಷಕ್ಕೆ 60 ಬೀಟ್) ಇಟ್ಟರೆ ಪ್ರತಿ 24 ಫ್ರೇಮಿಗೊಂದು ಬೀಟ್. ಅದು ಕಟ್‌ಗಳಿಗೆ (ಶಾಟ್ ಬದಲಾಗುವ ಜಾಗ) ಅಂಟಿಕೊಂಡು ಜಾಹೀರಾತಿನ ಹಾಗೆ ಕಂಡಿತು. 70ರ ಆಸುಪಾಸಿಗೆ ಏರಿಸಿ, ಬೀಟ್ ಕಟ್ ಮೇಲೆ ಬೀಳದ ಹಾಗೆ ಬೇಕಂತಲೇ ತಪ್ಪಿಸಿದೆ. ಎರಡು ರಾತ್ರಿ ಹೋಯಿತು.

ನಿರ್ದೇಶಕರು ಆಗಲೂ ಒಪ್ಪಿರಲಿಲ್ಲ. 1949ರ ‘ದಿ ಥರ್ಡ್ ಮ್ಯಾನ್’ ತೋರಿಸಿದೆ. ಯುದ್ಧಕ್ಕೆ ಹಾಳುಬಿದ್ದ ವಿಯೆನ್ನಾ, ಕಲಬೆರಕೆ ಪೆನ್ಸಿಲಿನ್‌ಗೆ ಬಲಿಯಾದ ಮಕ್ಕಳು, ಅದರ ಮೇಲೆ ಆಂಟನ್ ಕರಾಸ್ ಅವರ ಜಿಥರ್ (ತಂತಿವಾದ್ಯ) ತನ್ನ ಪಾಡಿಗೆ ಕುಣಿಯುತ್ತಿರುತ್ತದೆ. ‘ಅವರು ಮಾಡಿದರೆ ನಡೆಯುತ್ತೆ’ ಅಂದರು ನಿರ್ದೇಶಕರು.

ಸರಿ, ಅದೇ ಜನರನ್ನು ಮತ್ತೆ ಕರೆದೆವು. ಮೌತ್ ಆರ್ಗನ್ ಊದಿದ್ದು ನಾನೇ, ಖರ್ಚು ಸೊನ್ನೆ. ಮಗ ಎದ್ದು ಮೂಲೆಗೆ ಕೈ ಚಾಚುತ್ತಾನೆ (ನಿಜಕ್ಕೂ ಅದು ದೀಪ ಆರಿಸುವ ಶಾಟ್), ರೇಡಿಯೋ ಆರಿಸಿದ ಹಾಗೆ ‘ಟಿಕ್’ ಅನ್ನುತ್ತದೆ, ಟ್ಯೂನ್ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಅಳುತ್ತಾ ಮೂಗು ಎಳೆದುಕೊಂಡ ಸದ್ದು ಕೇಳಿತು. ತಿರುಗಿ ನೋಡಿದರೆ ಮಿಕ್ಸಿಂಗ್‌ನವರು.