ಸೇನೆಯಿಂದ ಕಳಂಕ ಹೊತ್ತು ಬಂದವರು ದಾಖಲೆ ಸರಿಪಡಿಸಿಕೊಳ್ಳುವುದು ಹೇಗೆ?

ಸೇನೆಯಿಂದ ಹೊರಬರುವ ಪ್ರತಿ ಜವಾನನ ಡಿಸ್ಚಾರ್ಜ್ ಬುಕ್ಕಿನಲ್ಲಿ, ಸೇವೆ ಕೊನೆಗೊಂಡ ಕಾರಣ ಎಂಬ ಕಡೆ ಒಂದು ಸಾಲು ಬರೆದಿರುತ್ತದೆ. ಅವಧಿ ಪೂರೈಸಿ ಬಂದವರ ಪುಸ್ತಕದಲ್ಲಿ ಆ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಇನ್ನು ಕೆಲವರ ಪುಸ್ತಕದಲ್ಲಿ ಅಲ್ಲಿ ‘ಸರ್ವಿಸ್ ನೋ ಲಾಂಗರ್ ರಿಕ್ವೈರ್ಡ್’, ಅಂದರೆ ಇವರ ಸೇವೆ ಇನ್ನು ಬೇಕಿಲ್ಲ ಎಂದಿರುತ್ತದೆ. ಹನ್ನೆರಡು, ಹದಿಮೂರು ವರ್ಷ ಗಡಿಯಲ್ಲಿ ಕಳೆದು ಬಂದವರು ಆ ಪುಸ್ತಕವನ್ನು ಟ್ರಂಕಿನ ತಳಕ್ಕೆ ಸೇರಿಸಿ, ಊರಿನಲ್ಲಿ ಕೇಳಿದವರಿಗೆ ‘ನಾನೇ ಬಿಟ್ಟು ಬಂದೆ’ ಎಂದು ಹೇಳಿಕೊಂಡು ಬದುಕುತ್ತಾರೆ. ಆ ಸಾಲನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿಯಿದೆ ಎಂಬುದು ಅವರಲ್ಲಿ ಬಹಳ ಮಂದಿಗೆ ತಡವಾಗಿ ತಿಳಿಯುತ್ತದೆ. ಈ ಲೇಖನ ಅಂಥವರಿಗಾಗಿ, ಅವರ ಮನೆಯವರಿಗಾಗಿ.

ಆ ಸಾಲು ಕಿತ್ತುಕೊಳ್ಳುವುದು ಮರ್ಯಾದೆಯನ್ನಷ್ಟೇ ಅಲ್ಲ. ಜವಾನರಿಗೆ ಸೇವಾ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಕಳುಹಿಸಿದರೆ ಪಿಂಚಣಿ ಇಲ್ಲ, ಪಿಂಚಣಿ ಇಲ್ಲವೆಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಚಿಕಿತ್ಸೆಯೂ ಇಲ್ಲ. ಪಿಂಚಣಿ ಇಲ್ಲದೆ ದುರ್ನಡತೆ ಅಥವಾ ಅದಕ್ಷತೆಯ ಕಾರಣಕ್ಕೆ ಹೊರಬಿದ್ದವರು ಸರ್ಕಾರಿ ನೇಮಕಾತಿಯ ನಿಯಮಗಳಲ್ಲಿ ‘ಮಾಜಿ ಸೈನಿಕ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲವಾದ್ದರಿಂದ ಮೀಸಲಾತಿಯೂ ವಯೋಮಿತಿಯ ಸಡಿಲಿಕೆಯೂ ಕೈತಪ್ಪುತ್ತವೆ.

ಅಮೆರಿಕದಲ್ಲಿ ಬಿಡುಗಡೆಯ ದರ್ಜೆಯನ್ನು ಮೇಲಕ್ಕೇರಿಸಿಕೊಡುವ ಅಧಿಕಾರವಿರುವ ಪ್ರತ್ಯೇಕ ಪರಿಶೀಲನಾ ಮಂಡಳಿಗಳಿವೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಇಲ್ಲಿ ಹೊರಹಾಕಿದ ಆದೇಶವನ್ನೇ ರದ್ದುಪಡಿಸಬೇಕೆಂದು, ಇಲ್ಲವೇ ಅದನ್ನು ಹಗುರ ಸ್ವರೂಪಕ್ಕೆ ಬದಲಿಸಬೇಕೆಂದು ಕೇಳಬೇಕು.

ಮೊದಲು: ನಿಮ್ಮನ್ನು ಯಾವ ನಿಯಮದಡಿ ಕಳುಹಿಸಿದರು?

‘ನನ್ನನ್ನು ಡಿಸ್‌ಮಿಸ್ ಮಾಡಿದರು’ ಎಂದು ಹೇಳುವ ಹಲವರನ್ನು ವಾಸ್ತವದಲ್ಲಿ ಡಿಸ್‌ಮಿಸ್ ಮಾಡಿರುವುದಿಲ್ಲ. ಸೇನಾ ಕಾಯ್ದೆ, 1950ರಲ್ಲಿ ವಜಾ, ತೆಗೆದುಹಾಕುವಿಕೆ ಮತ್ತು ಬಿಡುಗಡೆ ಬೇರೆ ಬೇರೆ. ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯ, ಕೊಡುವ ಶಿಕ್ಷೆಯಾಗಿಯೂ ವಜಾ ಮಾಡಬಹುದು, 20ನೇ ಸೆಕ್ಷನ್ನಿನಡಿ ಆಡಳಿತಾತ್ಮಕವಾಗಿಯೂ ಮಾಡಬಹುದು. ಬಿಡುಗಡೆಯಾದರೋ 22ನೇ ಸೆಕ್ಷನ್ ಹಾಗೂ ಸೇನಾ ನಿಯಮಗಳು, 1954ರ 13ನೇ ನಿಯಮದ ಪ್ರಕಾರ ಆಗುತ್ತದೆ. ವಜಾ ಆದವರಿಗೆ ಪಿಂಚಣಿಯ ಹಕ್ಕಿಲ್ಲ. ಅಸಾಧಾರಣ ಸಂದರ್ಭದಲ್ಲಿ ರಾಷ್ಟ್ರಪತಿಯವರ ವಿವೇಚನೆಗೆ ಮಾತ್ರ ಅವಕಾಶವಿದೆ. 13ನೇ ನಿಯಮದಡಿ ಬಿಡುಗಡೆಯಾದವರಿಗೆ, 15 ವರ್ಷ ತುಂಬಿದ್ದರೆ, ಪಿಂಚಣಿ ಸಲ್ಲುತ್ತದೆ. ಈ ವ್ಯತ್ಯಾಸ ತಿಳಿಯದೆ ನ್ಯಾಯವಾಗಿ ಬರಬೇಕಾದ ಹಣವನ್ನೇ ಕೇಳದೆ ಕುಳಿತವರಿರಬಹುದು ಎಂಬುದು ಸಂಕಟದ ವಿಷಯ.

ಇದನ್ನು ತಿಳಿಯಲು ಯಾರನ್ನೂ ಅಂಗಲಾಚಬೇಕಿಲ್ಲ. ಸೇನಾ ಕಾಯ್ದೆಯ 23ನೇ ಸೆಕ್ಷನ್ನಿನ ಪ್ರಕಾರ, ವಜಾ ಆಗಲಿ ಬಿಡುಗಡೆಯಾಗಲಿ, ಪ್ರತಿ ಜವಾನನಿಗೆ ಕಮಾಂಡಿಂಗ್ ಅಧಿಕಾರಿ ಒಂದು ಪ್ರಮಾಣಪತ್ರ ಕೊಡಬೇಕು. ಸೇವೆ ಕೊನೆಗೊಳಿಸಿದ ಅಧಿಕಾರಿ ಯಾರು, ಕಾರಣವೇನು, ಒಟ್ಟು ಸೇವಾವಧಿ ಎಷ್ಟು ಎಂಬ ಮೂರೂ ಅದರಲ್ಲಿರಬೇಕು. ಆ ಪತ್ರ ಇಂಗ್ಲಿಷಿನ ಜೊತೆಗೆ ಜವಾನನ ಮಾತೃಭಾಷೆಯಲ್ಲೂ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಕನ್ನಡದ ಜವಾನನಿಗೆ ಕನ್ನಡದಲ್ಲಿ ಕಾರಣ ತಿಳಿಯುವ ಹಕ್ಕಿದೆ ಎಂಬುದನ್ನು ನೆನಪಿಡಿ.

ಕಾಗದ ಕೂಡಿಸುವುದು

ಎರಡನೆಯ ಹೆಜ್ಜೆ ನಿಮ್ಮ ಸೇವಾ ದಾಖಲೆಗಳನ್ನು ತರಿಸಿಕೊಳ್ಳುವುದು. ಅವು ನೀವು ಕೊನೆಗೆ ಕೆಲಸ ಮಾಡಿದ ಘಟಕದಲ್ಲಲ್ಲ, ನಿಮ್ಮ ರೆಜಿಮೆಂಟಿನ ಅಥವಾ ಕೋರಿನ ರೆಕಾರ್ಡ್ಸ್ ಕಚೇರಿಯಲ್ಲಿ ಇರುತ್ತವೆ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ತೋಪುದಳದವರಿಗೆ ನಾಸಿಕ್ ರೋಡ್, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದವರಿಗೆ ಸಿಕಂದರಾಬಾದ್. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಆರ್ಮಿ ನಂಬರ್, ಶ್ರೇಣಿ, ಘಟಕ, ಬಿಡುಗಡೆಯ ದಿನಾಂಕ ಬರೆದು, ಏನೇನು ಬೇಕೆಂದು ಹೆಸರಿಸಿ ಕೇಳಿ: ಶೀಟ್ ರೋಲ್ (ನಿಮ್ಮ ಸೇವಾ ವಿವರಗಳ ದಾಖಲೆ), ಶಿಕ್ಷೆಗಳನ್ನು ನಮೂದಿಸಿದ ಹಾಳೆ, ಕಾರಣ ಕೇಳಿದ ನೋಟಿಸು ಮತ್ತು ನಿಮ್ಮ ಉತ್ತರ, ಪ್ರಾಥಮಿಕ ವಿಚಾರಣೆಯ ಕಡತ, ಕಮಾಂಡಿಂಗ್ ಅಧಿಕಾರಿಯ ಶಿಫಾರಸು, ಬಿಡುಗಡೆಗೆ ಮಂಜೂರಾತಿ ಕೊಟ್ಟ ಆದೇಶ, ವೈದ್ಯಕೀಯ ಮಂಡಳಿಯ ವರದಿ. ‘ನನ್ನ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಏನು ಕೊಟ್ಟಿಲ್ಲ ಎಂಬುದು ನಿಮಗೇ ಗೊತ್ತಾಗುವುದಿಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ವಿಚಾರಣೆಯ ಕಡತ ಲಭ್ಯವಿಲ್ಲ ಎಂಬ ಉತ್ತರ ಬಂದರೆ ನಿರಾಶರಾಗಬೇಡಿ, ಆ ಉತ್ತರವೂ ಮುಂದೆ ನಿಮ್ಮ ಪರವಾದ ಕಾಗದವಾಗಬಹುದು.

ಇಲ್ಲಿ ಅವಸರಪಡಲು ಬಲವಾದ ಕಾರಣವಿದೆ. ಪಿಂಚಣಿ ಇಲ್ಲದವರ ಸೇವಾ ದಾಖಲೆಗಳನ್ನು ಸೇನೆ 25 ವರ್ಷ ಇಟ್ಟುಕೊಂಡು ಆಮೇಲೆ ನಾಶಪಡಿಸುತ್ತದೆ. ಉಳಿಯುವುದು ಲಾಂಗ್ ರೋಲ್ ಎಂಬ ದಾಖಲೆಯಲ್ಲಿನ ಸಂಕ್ಷಿಪ್ತ ವಿವರ ಮಾತ್ರ. ಪಿಂಚಣಿ ಸಿಗದವನಿಗೇ ದಾಖಲೆ ಹೆಚ್ಚು ಬೇಕಾಗುವುದು, ಅವನ ದಾಖಲೆಯೇ ಮೊದಲು ಹೋಗುವುದು. 2001 ಅಥವಾ 2002ರಲ್ಲಿ ಮನೆಗೆ ಬಂದವರು ಈ ವಾರವೇ ಅರ್ಜಿ ಬರೆಯುವುದು ಒಳ್ಳೆಯದು.

ಆದೇಶದ ಲೋಪ ಹುಡುಕುವುದು

ಇಡೀ ಪ್ರಕರಣ ನಿಲ್ಲುವುದು ಈ ಹಂತದ ಮೇಲೆ. ‘ಸೇವೆ ಬೇಕಿಲ್ಲ’ ಎಂದು ಕಳುಹಿಸಿದವರಲ್ಲಿ ಬಹುಪಾಲು ಕಡತಗಳ ಹಿಂದೆ ಜವಾನರ ಬಾಯಲ್ಲಿ ‘ರೆಡ್ ಇಂಕ್’ ಎಂದೇ ಹೆಸರಾದ ಕೆಂಪು ಶಾಯಿಯ ನಮೂದುಗಳಿರುತ್ತವೆ. ರಜೆ ಮೀರಿ ಊರಲ್ಲಿ ಉಳಿದದ್ದು, ಕುಡಿದು ಸಿಕ್ಕಿಬಿದ್ದದ್ದು, ಮೇಲಿನವರೊಡನೆ ಮಾತಿಗೆ ಮಾತು ಬೆಳೆಸಿದ್ದು ಇಂಥವಕ್ಕೆ ಕೊಟ್ಟ ಶಿಕ್ಷೆಗಳು. ನಾಲ್ಕು ರೆಡ್ ಇಂಕ್ ಆದರೆ ಮನೆಗೆ ಎಂಬ ನಂಬಿಕೆ ಬ್ಯಾರಕ್ಕುಗಳಲ್ಲಿ ಬೇರೂರಿದೆ. ಅದು ಪೂರ್ತಿ ನಿಜವಲ್ಲ. ಸೇನಾ ಕೇಂದ್ರ ಕಚೇರಿ 1988ರ ಡಿಸೆಂಬರ್ 28ರಂದು ಹೊರಡಿಸಿದ ಪತ್ರ, ನಾಲ್ಕು ನಮೂದುಗಳಾದ ಮಾತ್ರಕ್ಕೆ ಬಿಡುಗಡೆ ಮಾಡಲೇಬೇಕೆಂಬ ಕಟ್ಟಳೆ ಇಲ್ಲ ಎನ್ನುತ್ತದೆ. ಮೊದಲು ಪಕ್ಷಪಾತವಿಲ್ಲದ ಪ್ರಾಥಮಿಕ ವಿಚಾರಣೆ ನಡೆಯಬೇಕು, ಜವಾನನಿಗೆ ತನ್ನ ಮಾತು ಹೇಳಲು ಅವಕಾಶ ಸಿಗಬೇಕು, ಪ್ರತಿ ತಪ್ಪಿನ ಸ್ವರೂಪವನ್ನು ತೂಗಿನೋಡಬೇಕು, ಕಷ್ಟದ ಪ್ರದೇಶಗಳಲ್ಲಿ ಮಾಡಿದ ದೀರ್ಘ ಸೇವೆಯನ್ನು ಪರಿಗಣಿಸಬೇಕು, ಅದರಲ್ಲೂ ಪಿಂಚಣಿಯ ಹತ್ತಿರ ಬಂದವರ ಮೇಲೆ ಕಠೋರವಾಗಬಾರದು ಎಂಬುದು ಆ ಪತ್ರದ ಆಶಯ.

ಈ ಪತ್ರಕ್ಕೆ ಬಲ ಬಂದದ್ದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ, 2015ರ ಅಕ್ಟೋಬರಿನಲ್ಲಿ. ವಿಚಾರಣೆಯನ್ನೇ ನಡೆಸದೆ ನಮೂದುಗಳನ್ನು ಎಣಿಸಿ ಮಾಡಿದ ಬಿಡುಗಡೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮತ್ತೆ ಸೇನೆಗೆ ಸೇರಿಸಿಕೊಳ್ಳುವ ವಯಸ್ಸು ಆ ಹೊತ್ತಿಗೆ ಮೀರಿದ್ದರಿಂದ, ಪಿಂಚಣಿಗೆ ಬೇಕಾದ ಅವಧಿಯವರೆಗೂ ಅವರು ಸೇವೆಯಲ್ಲಿದ್ದರೆಂದೇ ಪರಿಗಣಿಸುವಂತೆ ಆದೇಶಿಸಿತು. ಹಿಂದಿನ ಸಂಬಳ ಕೊಡಲಿಲ್ಲ, ಪಿಂಚಣಿ ಕೊಟ್ಟಿತು. ವಿಚಾರಣೆ ಸರಿಯಾಗಿ ನಡೆದು ನೋಟಿಸೂ ಕೊಟ್ಟಿದ್ದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸೇನೆಯ ಆದೇಶವನ್ನು ಎತ್ತಿಹಿಡಿದದ್ದೂ ಉಂಟು. ಆದ್ದರಿಂದ ನಿಮ್ಮ ಕಡತದಲ್ಲಿ ಮೊದಲು ನೋಡಬೇಕಾದ್ದು ಇಷ್ಟು: ವಿಚಾರಣೆ ನಡೆಯಿತೇ, ನೋಟಿಸು ಕೊಟ್ಟರೇ, ಉತ್ತರ ಕೊಡಲು ಎಷ್ಟು ದಿನ ಬಿಟ್ಟರು, ಆದೇಶಕ್ಕೆ ಸಹಿ ಹಾಕಿದವರಿಗೆ ಆ ಅಧಿಕಾರವಿತ್ತೇ. ಕಮಾಂಡಿಂಗ್ ಅಧಿಕಾರಿಗೆ ನಿಮ್ಮ ಮೇಲೆ ಹಗೆಯಿತ್ತು ಎಂದು ನಾಲ್ಕು ಪುಟ ಬರೆದರೂ, ನೋಟಿಸು ಕೊಟ್ಟ ದಿನವೇ ಬಿಡುಗಡೆಯ ಆದೇಶವಾಗಿದೆ ಎಂಬ ಒಂದು ಸಾಲು ಮಾಡುವ ಕೆಲಸವನ್ನು ಅದು ಮಾಡಲಾರದು.

ನಮೂದುಗಳ ಹಿಂದಿನ ಕಥೆಗೂ ಪುರಾವೆ ಕೂಡಿಸಿ. ತಾಯಿ ಆಸ್ಪತ್ರೆಯಲ್ಲಿದ್ದಾಗ ಹದಿನೆಂಟು ದಿನ ರಜೆ ಮೀರಿದ್ದರೆ, ಆಸ್ಪತ್ರೆಯ ಬಿಡುಗಡೆ ಚೀಟಿಯ ಮೇಲಿನ ದಿನಾಂಕವೂ ಶಿಕ್ಷೆಯ ಹಾಳೆಯ ಮೇಲಿನ ದಿನಾಂಕವೂ ಪಕ್ಕಪಕ್ಕದಲ್ಲಿ ಇದ್ದಾಗ ಓದುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮನೆಯಲ್ಲಿ ಹಳೆಯ ಚೀಟಿಗಳನ್ನು ಹೆಚ್ಚಾಗಿ ಕಾಪಾಡಿರುವವರು ಹೆಂಡತಿ ಅಥವಾ ಅಕ್ಕ; ಅವರನ್ನು ಕೇಳಿ.

ಮನಸ್ಸಿನ ಕಾಯಿಲೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಿದ್ದೆ ಇಲ್ಲದೆ, ಭ್ರಮೆಯಲ್ಲಿ, ಅಥವಾ ಕುಡಿತದಲ್ಲಿ ಮುಳುಗಿ ಮಾಡಿದ ತಪ್ಪುಗಳು ದಾಖಲೆಯಲ್ಲಿ ಅಶಿಸ್ತಾಗಿ ಮಾತ್ರ ಉಳಿಯುವ ಸಂಭವ ಇದೆ. ಸೇವೆಯಲ್ಲಿದ್ದಾಗ ಮಾನಸಿಕ ಚಿಕಿತ್ಸೆ ಪಡೆದಿದ್ದರೆ ಆ ಆಸ್ಪತ್ರೆಯ ಕಾಗದಗಳನ್ನು ಹೆಸರಿಸಿ ಕೇಳಿ. ಕಾಯಿಲೆಯ ಕಾರಣಕ್ಕೇ ಹೊರಕಳುಹಿಸಿ ಅಂಗವೈಕಲ್ಯ ಪಿಂಚಣಿ ನಿರಾಕರಿಸಿದ್ದರೆ ದಾರಿ ಬೇರೆ. ಸೇರುವಾಗ ದಾಖಲಾಗಿಲ್ಲದ ಕಾಯಿಲೆ ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ವೀರ್‌ಪಾಲ್ ಸಿಂಗ್ ಪ್ರಕರಣದಲ್ಲಿ, ಸ್ಕಿಝೋಫ್ರೇನಿಯಾ ಎಂದು ಹೊರಕಳುಹಿಸಿದ್ದ ಸೈನಿಕನನ್ನು ಮರುಪರಿಶೀಲನಾ ವೈದ್ಯಕೀಯ ಮಂಡಳಿಯ ಮುಂದೆ ಕಳುಹಿಸುವಂತೆ ಆದೇಶಿಸಿದೆ. 2023ರಲ್ಲಿ ಅಂಗವೈಕಲ್ಯ ಪಿಂಚಣಿಗೆ ಹೊಸ ಅರ್ಹತಾ ನಿಯಮಗಳು ಬಂದಿರುವುದರಿಂದ, ನೀವು ಹೊರಬಂದ ದಿನಾಂಕಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ವಕೀಲರಿಂದ ತಿಳಿದುಕೊಳ್ಳಿ.

ಮೊದಲ ಅರ್ಜಿ ಸೇನೆಗೇ

ನೇರವಾಗಿ ನ್ಯಾಯಮಂಡಳಿಗೆ ಹೋದರೆ, ಇರುವ ಬೇರೆ ಪರಿಹಾರಗಳನ್ನು ಬಳಸಿದಿರಾ ಎಂಬುದೇ ಅಲ್ಲಿ ಕೇಳುವ ಮೊದಲ ಪ್ರಶ್ನೆ. ಆದ್ದರಿಂದ ಸೇನಾ ಮುಖ್ಯಸ್ಥರನ್ನು ಉದ್ದೇಶಿಸಿ, ರೆಕಾರ್ಡ್ಸ್ ಕಚೇರಿಗೆ ಪ್ರತಿಯೊಂದಿಗೆ, ಮನವಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ. ಕೋರ್ಟ್ ಮಾರ್ಷಲ್ ಶಿಕ್ಷೆಯಾಗಿದ್ದರೆ ಸೇನಾ ಕಾಯ್ದೆಯ 164ನೇ ಸೆಕ್ಷನ್ನಿನಡಿ ಅರ್ಜಿ ಸಲ್ಲಿಸಬೇಕು. ಮನವಿ ಎರಡು ಮೂರು ಪುಟ ಮೀರದಿರಲಿ. ದಿನಾಂಕಗಳ ಕ್ರಮದಲ್ಲಿ ನಡೆದದ್ದು, ಯಾವ ನಿಯಮ ಪಾಲಿಸಿಲ್ಲ ಎಂಬುದು, ನಿಮಗೆ ಏನು ಬೇಕು ಎಂಬುದು ಇದ್ದರೆ ಸಾಕು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಇಂಥ ಪತ್ರವ್ಯವಹಾರದ ಪರಿಚಯವಿರುವವರು ಸಿಗುತ್ತಾರೆ. ಪಿಂಚಣಿ ಇಲ್ಲವೆಂಬ ಸಂಕೋಚದಿಂದ ಆ ಬಾಗಿಲಿಗೆ ಹೋಗದೇ ಇರಬೇಡಿ.

ನ್ಯಾಯಮಂಡಳಿಯ ಮುಂದೆ

ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿತು. ನೌಕಾಪಡೆ, ವಾಯುಪಡೆಯವರಿಗೂ ಇದೇ ಮಂಡಳಿ. ಕರ್ನಾಟಕದ ಪ್ರಕರಣಗಳು ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ ಬರುತ್ತವೆ. ನ್ಯಾಯಾಂಗದಿಂದ ಬಂದ ಒಬ್ಬರು, ಪಡೆಗಳ ಹಿರಿಯ ಹುದ್ದೆಯಿಂದ ನಿವೃತ್ತರಾದ ಒಬ್ಬರು ಪೀಠದಲ್ಲಿ ಕೂರುವುದರಿಂದ, ಘಟಕದ ಬದುಕು ಹೇಗಿರುತ್ತದೆ ಎಂದು ಮೊದಲಿನಿಂದ ವಿವರಿಸುವ ಕಷ್ಟ ನಿಮಗಿಲ್ಲ. ಸ್ವತಃ ವಾದಿಸಬಹುದು, ವಕೀಲರನ್ನೂ ಇಡಬಹುದು. ಖರ್ಚಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ಸೈನಿಕ ಕುಟುಂಬಗಳಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) 2025ರಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆಯನ್ನು ಆರಂಭಿಸಿದೆ.

ಕಾಲಮಿತಿಯನ್ನು ಗಮನವಿಟ್ಟು ಲೆಕ್ಕ ಹಾಕಿ. ನಿಮ್ಮ ಮನವಿಗೆ ಅಂತಿಮ ಉತ್ತರ ಬಂದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಆರು ತಿಂಗಳು ಕಾದರೂ ಉತ್ತರವೇ ಬರದಿದ್ದರೆ, ಆ ಅವಧಿ ಮುಗಿದಲ್ಲಿಂದ ಇನ್ನಾರು ತಿಂಗಳು ಸಮಯವಿರುತ್ತದೆ. ತಡವಾಗಿದ್ದರೆ ತಕ್ಕ ಕಾರಣ ತೋರಿಸಿ ವಿಳಂಬ ಮನ್ನಾ ಕೋರಬಹುದು; ಬಡತನ, ಕಾಯಿಲೆ, ಆದೇಶದ ಪ್ರತಿಯೇ ಸಿಗದಿದ್ದದ್ದು ಮೊದಲಾದವನ್ನು ಅಫಿಡವಿಟ್ಟಿನಲ್ಲಿ ವರ್ಷವಾರು ಬರೆಯಿರಿ. ಪಿಂಚಣಿ ತಿಂಗಳು ತಿಂಗಳು ತಪ್ಪುವ ಹಕ್ಕಾದ್ದರಿಂದ ನ್ಯಾಯಾಲಯಗಳು ವಿಳಂಬವನ್ನು ಸ್ವಲ್ಪ ಉದಾರವಾಗಿ ನೋಡುತ್ತವೆ, ಆದರೆ ತರ್ಸೇಮ್ ಸಿಂಗ್ ಪ್ರಕರಣದ 2008ರ ತೀರ್ಪಿನ ಪ್ರಕಾರ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಕ್ಕೆ ಸೀಮಿತ. ಸುಮ್ಮನೆ ಕಳೆದ ಪ್ರತಿ ವರ್ಷದ ಹಣ ಮರಳಿ ಬರುವುದು ಕಷ್ಟ.

ಕೋರಿಕೆಯನ್ನು ಒಂದಕ್ಕೇ ಕಟ್ಟಿಹಾಕಬೇಡಿ. ಬಿಡುಗಡೆಯ ಆದೇಶ ರದ್ದು, ಪಿಂಚಣಿ ಅವಧಿಯವರೆಗೆ ಸೇವೆಯಲ್ಲಿದ್ದಂತೆ ಪರಿಗಣನೆ, ಡಿಸ್ಚಾರ್ಜ್ ಬುಕ್ಕಿನ ಕಾರಣದ ತಿದ್ದುಪಡಿ, ಮೂರನ್ನೂ ಬಿಡಿಯಾಗಿ ಬರೆಯಿರಿ. ಹದಿನಾಲ್ಕು ವರ್ಷ ದಾಟಿದ್ದವರು, 12 ತಿಂಗಳವರೆಗಿನ ಸೇವಾ ಕೊರತೆಯನ್ನು ಮನ್ನಾ ಮಾಡುವ ಅವಕಾಶವನ್ನು ಬದಲಿ ಕೋರಿಕೆಯಾಗಿ ಸೇರಿಸಿ. ಕೋರ್ಟ್ ಮಾರ್ಷಲ್ ವಿರುದ್ಧದ ಮೇಲ್ಮನವಿಯಲ್ಲಿ, ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ತಗ್ಗಿಸುವ ಅಧಿಕಾರ ನ್ಯಾಯಮಂಡಳಿ ಕಾಯ್ದೆಯ 15ನೇ ಸೆಕ್ಷನ್ನಿನಡಿ ಮಂಡಳಿಗಿದೆ; ತಪ್ಪು ಮಾಡಿದ್ದನ್ನು ಒಪ್ಪಿಕೊಂಡವರೂ ವಜಾ ಶಿಕ್ಷೆಯನ್ನು ಹಗುರಗೊಳಿಸಲು ಕೇಳಬಹುದು. ಮಂಡಳಿಯಲ್ಲಿ ಸೋತರೆ ಹೈಕೋರ್ಟಿನ ರಿಟ್ ಅಧಿಕಾರದ ಬಾಗಿಲು ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಸ್ಪಷ್ಟಪಡಿಸಿದೆ.

ಗೆದ್ದ ಮೇಲೆ ಆದೇಶದ ದೃಢೀಕೃತ ಪ್ರತಿಯನ್ನು ನೀವೇ ರೆಕಾರ್ಡ್ಸ್ ಕಚೇರಿಗೆ ಕಳುಹಿಸಿ, ಆದೇಶದಲ್ಲಿ ಹೇಳಿದ ಅವಧಿಯನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಮೀರಿದರೆ ಜಾರಿಗಾಗಿ ಅದೇ ಪೀಠದ ಮುಂದೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಪಿಂಚಣಿ ಪಾವತಿ ಆದೇಶ ಪ್ರಯಾಗರಾಜಿನ ರಕ್ಷಣಾ ಪಿಂಚಣಿ ಕಚೇರಿಯಿಂದ ಹೊರಟು ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಲ್ಲಿ ಕಾಣಿಸಿಕೊಂಡ ದಿನ, ಹೆಸರು, ಜನ್ಮದಿನಾಂಕ, ಹೆಂಡತಿಯ ಹೆಸರು, ಸೇವಾವಧಿಯನ್ನು ಅಕ್ಷರಕ್ಷರ ಹೋಲಿಸಿ ನೋಡಿ. ಆಮೇಲೆ ತಿದ್ದಿದ ಡಿಸ್ಚಾರ್ಜ್ ಬುಕ್ಕಿನೊಂದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಮಾಜಿ ಸೈನಿಕರ ಗುರುತಿನ ಚೀಟಿಗೆ ಅರ್ಜಿ ಕೊಡಿ.